‘ಬರೆಗೆ ಗುದ್ದಿದೆ ಅಂತ ಬರೆದುಬಿಡಿ ಮೇಡಂ’

ಜುಲೈ ಮೂರನೇ ವಾರದ ಒಂದು ಸಂಜೆ. ಅಮ್ಮನ ಕಣ್ಣು ತೋರಿಸಿಕೊಂಡು ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆ ಇಳಿಯುತ್ತಿದ್ದೆ. ಕೊಡಗಿನ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಏಳು ಗಂಟೆಗೇ ಗಾಢ ಕತ್ತಲು, ಮಂಜು ರಸ್ತೆಗೇ ಇಳಿದಿತ್ತು, ವೈಪರ್ ಎಷ್ಟು ಹೊಡೆದುಕೊಂಡರೂ ನಾಲ್ಕು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಬೋಯಿಕೇರಿ ದಾಟಿದ ಮೇಲಿನ ಒಂದು ತಿರುವಿನಲ್ಲಿ ಎದುರಿನಿಂದ ಬಂದ ಉದ್ದನೆಯ ಬಿಳಿ ಗಾಡಿ ನನ್ನ ಬದಿಗೇ ನುಗ್ಗಿತು. ಎಡಕ್ಕೆ ಎಳೆದೆ. ಮುಂದಿನ ಬಂಪರ್‌ನಿಂದ ಹಿಂದಿನ ಬಾಗಿಲವರೆಗೆ ಬಲಬದಿ ಪೂರ್ತಿ ಉಜ್ಜಿಕೊಂಡು ಹೋಯಿತು. ಬಲಗಡೆಯ ಮಿರರ್ ಕಿತ್ತು ಬಾಗಿಲಿಗೆ ನೇತಾಡುತ್ತಿತ್ತು.

ಚರಂಡಿಯ ಅಂಚಿನಲ್ಲಿ ಗಾಡಿ ನಿಂತಾಗ ಒಳಗಿನ ಕನ್ನಡಿಯಲ್ಲಿ ನೋಡಿದೆ. ಆ ಗಾಡಿಯ ಬ್ರೇಕ್ ಲೈಟ್ ಒಂದು ಸಲ ಕೆಂಪಗೆ ಹತ್ತಿತು. ನಿಲ್ಲಿಸುತ್ತಾನೆ ಅಂದುಕೊಂಡೆ. ಲೈಟ್ ಆರಿತು, ಮಂಜಿನೊಳಗೆ ಹೋಗಿಯೇಬಿಟ್ಟ.

ನಮ್ಮಿಬ್ಬರಿಗೂ ಗಾಯವಾಗಲಿಲ್ಲ. ಅದು ದೊಡ್ಡದು. ಆದರೆ ಆ ಒಂದು ಕ್ಷಣದ ಬ್ರೇಕ್ ಲೈಟ್ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಏಟು ಬಿದ್ದದ್ದು ಅವನಿಗೆ ಗೊತ್ತಾಗಿತ್ತು. ಒಳಗೆ ಯಾರಿದ್ದಾರೆ, ಬದುಕಿದ್ದಾರಾ ಅಂತ ನೋಡದೆ ಹೋದ.

112ಕ್ಕೆ ಫೋನ್ ಮಾಡಿದೆ. ಟಾರ್ಚ್ ಹಿಡಿದು ರಸ್ತೆಯಲ್ಲಿ ಬಿದ್ದಿದ್ದ ಕಿತ್ತಳೆ ಬಣ್ಣದ ಇಂಡಿಕೇಟರ್ ಚೂರುಗಳನ್ನು ಅಮ್ಮನ ಮಾತ್ರೆಯ ಕವರಿಗೆ ಹಾಕಿಕೊಂಡೆ. ನನ್ನ ಕಾರಿನ ಇಂಡಿಕೇಟರ್ ನೆಟ್ಟಗೇ ಇತ್ತು, ಹಾಗಾಗಿ ಅವು ಅವನ ಗಾಡಿಯವೇ. ಗಾಡಿ ಜರುಗಿಸುವ ಮೊದಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದೆ. ಆ ರಾತ್ರಿಯೇ ಇನ್ಶೂರೆನ್ಸ್ ಕಂಪನಿಯ ನಂಬರಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಂಡೆ.

ಮಾರನೇ ಬೆಳಿಗ್ಗೆ ಪಾಲಿಸಿ ಮಾಡಿಸಿಕೊಟ್ಟ ಏಜೆಂಟ್ ಫೋನ್ ಮಾಡಿದರು. “ಬರೆಗೆ ಗುದ್ದಿದೆ ಅಂತ ಬರೆದುಬಿಡಿ ಮೇಡಂ. ಅಪರಿಚಿತ ವಾಹನ ಅಂತ ಬರೆದರೆ ಪೊಲೀಸು, ಎಫ್‌ಐಆರ್ ಅಂತ ಸುಮ್ಮನೆ ಅಲೆದಾಟ. ಹೆಂಗೆ ಬರೆದರೂ ಬರೋ ದುಡ್ಡು ಅಷ್ಟೇ.” (ಬರೆ ಅಂದರೆ ನಮ್ಮ ಕಡೆ ರಸ್ತೆ ಬದಿಯ ಮಣ್ಣಿನ ದಿಬ್ಬದ ಗೋಡೆ.) ಗ್ಯಾರೇಜಿನ ಹುಡುಗನೂ ಅದನ್ನೇ ಹೇಳಿದ. “ಎಲ್ಲರೂ ಹಂಗೇ ಬರೆಯೋದು ಅಕ್ಕಾ.”

ಇಬ್ಬರೂ ನನಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು. ಅವರ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಫುಲ್ ಇನ್ಶೂರೆನ್ಸ್ ಇದ್ದರೆ ಬರೆಗೆ ಗುದ್ದಿದರೂ, ಯಾರೋ ಗುದ್ದಿ ಓಡಿದರೂ ನಮ್ಮ ಗಾಡಿಯ ರಿಪೇರಿ ಖರ್ಚು ಬರುವುದು ಓನ್ ಡ್ಯಾಮೇಜ್ ಭಾಗದಿಂದಲೇ. (ನಮ್ಮಲ್ಲಿ ಎಷ್ಟೋ ಹಳೆಯ ಜೀಪು, ಪಿಕಪ್‌ಗಳಿಗೆ ಬರೀ ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗಾದ ನಷ್ಟದ ಇನ್ಶೂರೆನ್ಸ್ ಮಾತ್ರ ಇರುತ್ತದೆ. ಗುದ್ದಿದವನು ಸಿಗದಿದ್ದರೆ ಅಂಥ ಗಾಡಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ.) ಆದರೆ ನಾನು ಬರುತ್ತಿದ್ದ ಕಡೆಗೆ ಬರೆ ಇರುವುದು ಎಡಕ್ಕೆ, ಏಟು ಬಿದ್ದಿರುವುದು ಬಲಕ್ಕೆ. ನನ್ನ ಕೆಂಪು ಕಾರಿನ ಎರಡೂ ಬಾಗಿಲ ಮೇಲೆ ಗೇಣಗಲದ ಬಿಳಿ ಬಣ್ಣ ಮೆತ್ತಿಕೊಂಡಿದೆ. ಮಣ್ಣಿನ ಬರೆ ಬಿಳಿ ಬಣ್ಣ ಬಳಿಯುತ್ತದೆಯೇ? ಹಾನಿ ನೋಡಲು ಇನ್ಶೂರೆನ್ಸ್ ಕಡೆಯ ಸರ್ವೇಯರ್ ಬಂದಾಗ ಮೊದಲು ಮಾಡಿದ ಕೆಲಸವೇ ಅದನ್ನು ಉಗುರಿನಿಂದ ಕೆರೆದು ನೋಡಿದ್ದು. ಫಾರಂನಲ್ಲಿ ಬರೆದಿದ್ದಕ್ಕೂ ಗಾಡಿಯ ಮೇಲೆ ಕಾಣುವುದಕ್ಕೂ ತಾಳೆಯಾಗದಿದ್ದರೆ ಸುಳ್ಳು ಮಾಹಿತಿ ಎಂದು ಕ್ಲೇಮನ್ನೇ ತಳ್ಳಿಹಾಕಬಹುದು. ಆಗ ಸಹಿ ಮಾಡಿದ್ದು ನಾವು, ಏಜೆಂಟ್ ಅಲ್ಲ.

ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ಎರಡು ಸಲ ಹೋಗಬೇಕಾಯಿತು, ಅರ್ಧ ದಿನದ ರಜೆ ಹೋಯಿತು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಕಾನೂನಿದೆ, ಕೇಳಿ ಪಡೆದೆ. ರಸ್ತೆ ಬದಿಯ ಒಂದು ಚಹಾ ಅಂಗಡಿಯಲ್ಲಿ ಕ್ಯಾಮೆರಾ ಇತ್ತು. ಅಂಗಡಿಯವರು ವ್ಯಾಪಾರ ಬಿಟ್ಟು ನನ್ನ ಜೊತೆ ಕೂತು ತೋರಿಸಿದರು. 7 ಗಂಟೆ 12 ನಿಮಿಷಕ್ಕೆ ಬಿಳಿ ಟೆಂಪೋ ಟ್ರಾವೆಲರ್ ಒಂದು ಹೋಗುತ್ತದೆ, ಬಲಬದಿಯ ಮುಂದಿನ ಲೈಟ್ ಇಲ್ಲ. ನಂಬರ್ ಪ್ಲೇಟ್ ಇರುವ ಜಾಗದಲ್ಲಿ ಮಂಜಿಗೆ ಬೆಳಕು ಹೊಡೆದು ಬರೀ ಬಿಳಿ ಮಸುಕು. ಹತ್ತು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಒಂದು ಅಕ್ಷರವೂ ಸಿಗಲಿಲ್ಲ.

ಇನ್ನು ದುಡ್ಡಿನ ಲೆಕ್ಕ. ‘ಫುಲ್ ಇನ್ಶೂರೆನ್ಸ್ ಇದೆ, ಪೂರ್ತಿ ಬರುತ್ತದೆ’ ಅಂತ ನಂಬಿದವರು ನನ್ನ ಹಾಗೆ ಬಹಳ ಜನ ಇದ್ದಾರೆ. ಬಿಲ್ ಆದದ್ದು 38,200. ನನ್ನ ಕಾರಿಗೆ ಆರು ವರ್ಷ. ಐದು ವರ್ಷ ದಾಟಿದ ಗಾಡಿಯ ತಗಡಿನ ಭಾಗಗಳಿಗೆ ಸವಕಲು ಅಂತ ನೂರಕ್ಕೆ 40 ಕಡಿತ ಹಿಡಿಯುತ್ತಾರೆ. ಬಂಪರ್‌ನಂಥ ಪ್ಲಾಸ್ಟಿಕ್‌ಗೆ, ರಬ್ಬರ್‌ಗೆ ಗಾಡಿ ಹೊಸದಿದ್ದರೂ ನೂರಕ್ಕೆ 50. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಲೆಕ್ಕ ಹಾಕಿ ಅದರಲ್ಲಿ ಅರ್ಧ ಕಡಿತ. ಅದರ ಮೇಲೆ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನಮ್ಮ ಪಾಲು. ಕೂಡಿ ಕಳೆದು ನನ್ನ ಕೈಯಿಂದ ಹೋದದ್ದು 12,180. ‘ಬಂಪರ್ ಟು ಬಂಪರ್’ ಅಂತ ಕರೆಯುವ ಜೀರೋ ಡೆಪ್ ಆಡ್-ಆನ್ (ಹೆಚ್ಚಿಗೆ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಸೌಲಭ್ಯ) ಇದ್ದಿದ್ದರೆ ಸವಕಲಿನ ಕಡಿತ ಇರುತ್ತಿರಲಿಲ್ಲ. ಗಾಡಿ ಹಳೆಯದಾದಂತೆ ಅದನ್ನು ಕೊಡಲು ಕಂಪನಿಗಳು ಹಿಂದೆಗೆಯುತ್ತವೆ.

ಅದಕ್ಕಿಂತ ನನಗೆ ನೋವಾದದ್ದು ಬೋನಸ್ ವಿಷಯದಲ್ಲಿ. ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್. ಐದು ವರ್ಷ ಒಂದೂ ಕ್ಲೇಮ್ ಇಲ್ಲದೆ ನೂರಕ್ಕೆ 50 ನೋ ಕ್ಲೇಮ್ ಬೋನಸ್‌ಗೆ ಬಂದಿದ್ದೆ. ಈ ಒಂದು ಕ್ಲೇಮ್‌ಗೆ ಅದು ಸೊನ್ನೆ. ಮತ್ತೆ 20, 25, 35, 45 ಅಂತ ಹತ್ತಿಕೊಂಡು 50ಕ್ಕೆ ಹೋಗಬೇಕು. ಲೆಕ್ಕ ಹಾಕಿ ನೋಡಿ, ಐದು ವರ್ಷದಲ್ಲಿ ಕಳೆದುಕೊಳ್ಳುವುದು ಕ್ರಮವಾಗಿ 50, 30, 25, 15, 5, ಒಟ್ಟು 125. ಅಂದರೆ ಒಂದು ವರ್ಷದ ಪೂರಾ ಓನ್ ಡ್ಯಾಮೇಜ್ ಪ್ರೀಮಿಯಂಗಿಂತ ಹೆಚ್ಚು. ಹಾಗಾಗಿ ನಾಲ್ಕೈದು ಸಾವಿರದ ಗೀರಿಗೆ ಕ್ಲೇಮ್ ಮಾಡುವ ಮೊದಲು ಈ ಲೆಕ್ಕ ಮಾಡಲೇಬೇಕು. ಬೋನಸ್ ಉಳಿಸುವ ಆಡ್-ಆನ್ ಇದೆ, ನನ್ನ ಪಾಲಿಸಿಯಲ್ಲಿ ಇರಲಿಲ್ಲ.

ಇದು ಸರಿಯಲ್ಲ ಎಂದು ಗಟ್ಟಿಯಾಗಿ ಹೇಳುತ್ತೇನೆ. ಪೊಲೀಸ್ ದೂರು ಇದೆ, ಗಾಡಿಯ ಮೇಲೆ ಬೇರೆ ಗಾಡಿಯ ಬಣ್ಣ ಇದೆ, ಸರ್ವೇಯರೇ ವರದಿಯಲ್ಲಿ ಬರೆದಿದ್ದಾರೆ. ಆದರೂ ನಿದ್ದೆಗಣ್ಣಿನಲ್ಲಿ ಬರೆಗೆ ಗುದ್ದಿದವರಿಗೂ ನನಗೂ ಒಂದೇ ಶಿಕ್ಷೆ. ಸತ್ಯ ಬರೆದರೆ ಅಲೆದಾಟ ಹೆಚ್ಚು, ಲಾಭ ಏನೂ ಇಲ್ಲ ಅಂತಾದರೆ ಜನ ಸುಳ್ಳು ಬರೆಯುವುದರಲ್ಲಿ ಆಶ್ಚರ್ಯವೇನು? ಎಫ್‌ಐಆರ್ ಇರುವ ಹಿಟ್ ಅಂಡ್ ರನ್ ಪ್ರಕರಣದಲ್ಲಿ ಬೋನಸ್ ಮುಟ್ಟಬಾರದು ಅನ್ನುವ ನಿಯಮ ಬರಬೇಕು.

ಹಾಗಿದ್ದೂ ನಾನು ಯಾಕೆ ಹಟ ಹಿಡಿದೆ ಅಂದರೆ ನಮ್ಮ ಪಕ್ಕದ ತೋಟದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಅಣ್ಣನ ಕಾರಣಕ್ಕೆ. ಎರಡು ವರ್ಷದ ಹಿಂದೆ ಸಂತೆ ಮುಗಿಸಿ ನಡೆದು ಬರುವಾಗ ಯಾವುದೋ ಗಾಡಿ ಗುದ್ದಿ ಹೋಯಿತು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಕರೆದುಕೊಂಡು ಹೋದವರು ‘ಪೊಲೀಸ್ ಕೇಸ್ ಯಾಕೆ, ಚಿಕಿತ್ಸೆ ತಡ ಆಗ್ತದೆ’ ಅಂತ ಬಿದ್ದು ಪೆಟ್ಟಾಯಿತು ಎಂದು ಬರೆಸಿದರು. ಆ ವರ್ಷದ ಕಾಫಿ ಕುಯ್ಲು ಪೂರ್ತಿ ಅವರಿಗೆ ಕೆಲಸವಿಲ್ಲ. ಈಗಲೂ ಏಣಿ ಹತ್ತಿ ಕಾಳುಮೆಣಸು ಕುಯ್ಯಲು ಆಗುವುದಿಲ್ಲ.

ಗುದ್ದಿದ ಗಾಡಿ ಸಿಗದಿದ್ದರೂ ಗಾಯಗೊಂಡವರಿಗೆ ಪರಿಹಾರ ಇದೆ ಅನ್ನುವುದು ನನಗೂ ಈ ಓಡಾಟದಲ್ಲೇ ಗೊತ್ತಾಗಿದ್ದು. ಮೋಟಾರು ವಾಹನ ಕಾಯ್ದೆಯ 161ನೇ ಸೆಕ್ಷನ್, ಅದರಡಿ 2022ರ ಏಪ್ರಿಲ್ 1ರಿಂದ ಜಾರಿಯಾದ ಯೋಜನೆ. ಸಾವಾದರೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಮೂಳೆ ಮುರಿತ ತೀವ್ರ ಗಾಯವೇ. ಅದಕ್ಕೂ ಮೊದಲು ಇದ್ದದ್ದು 25,000 ಮತ್ತು 12,500. ಗಾಯಗೊಂಡವರು ಇನ್ಶೂರೆನ್ಸ್ ಮಾಡಿಸಿರಬೇಕಿಲ್ಲ, ಅವರ ಹೆಸರಲ್ಲಿ ಗಾಡಿಯೇ ಇರಬೇಕಿಲ್ಲ. ಅರ್ಜಿ ಹೋಗುವುದು ಕಂದಾಯ ಇಲಾಖೆಯ ಅಧಿಕಾರಿಗೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಒಂದು ತಿಂಗಳಾದರೂ ಗಾಡಿ ಪತ್ತೆಯಾಗದಿದ್ದರೆ ಈ ಪರಿಹಾರದ ಬಗ್ಗೆ ಪೊಲೀಸರೇ ಗಾಯಗೊಂಡವರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಪೊಲೀಸರ ಪುಸ್ತಕದಲ್ಲಿ ಅಪಘಾತವೇ ಆಗಿಲ್ಲ ಅಂದರೆ ಯಾರಿಗೆ ತಿಳಿಸುತ್ತಾರೆ? ‘ಬಿದ್ದು ಪೆಟ್ಟಾಯಿತು’ ಅನ್ನುವ ಎರಡು ಪದ ಅವರ 50,000 ರೂಪಾಯಿಗೆ ಅಡ್ಡ ನಿಂತಿದೆ.

ನಮ್ಮ ರಸ್ತೆಗಳಲ್ಲಿ ಶನಿವಾರ ಭಾನುವಾರ ಬರುವ ಗಾಡಿಗಳ ಸಾಲು ಎಲ್ಲರಿಗೂ ಗೊತ್ತು. ಎಷ್ಟು ಗಾಡಿ ಗುದ್ದಿ ಓಡುತ್ತಿವೆ, ಯಾವ ತಿರುವಿನಲ್ಲಿ ಅನ್ನುವ ಲೆಕ್ಕ ಯಾರ ಬಳಿಯೂ ಸರಿಯಾಗಿ ಇರಲಾರದು, ಏಕೆಂದರೆ ಅರ್ಧ ಜನ ‘ಬರೆ’ ಅಂತ ಬರೆದಿದ್ದಾರೆ, ಇನ್ನರ್ಧ ‘ಬಿದ್ದು’ ಅಂತ. ನಾಳೆ ಆ ತಿರುವಿಗೆ ಒಂದು ಕ್ಯಾಮೆರಾ, ಒಂದು ಬೀದಿದೀಪ ಬೇಕು ಅಂತ ಕೇಳಲು ಹೋದರೆ ಕೈಯಲ್ಲಿ ಹಿಡಿದುಕೊಂಡು ಹೋಗಲು ಕಾಗದ ಬೇಕಲ್ಲ. ಅದಕ್ಕೇ ನನ್ನ ಫಾರಂನಲ್ಲಿ ‘ಅಪರಿಚಿತ ಬಿಳಿ ವಾಹನ, ನಿಲ್ಲಿಸದೆ ಪರಾರಿ’ ಅಂತಲೇ ಬರೆದೆ. ಕ್ಲೇಮ್ ಬಂತು, ಎರಡು ವಾರ ತಡವಾಗಿ.

ಬರುವ ಸೋಮವಾರ ಆ ಅಣ್ಣನನ್ನು ಕರೆದುಕೊಂಡು ಮೊದಲು ಠಾಣೆಗೆ, ಆಮೇಲೆ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇನೆ. ಎಕ್ಸ್‌ರೇ ಇದೆ, ಆಸ್ಪತ್ರೆಯ ಚೀಟಿ ಇದೆ, ಅದರಲ್ಲಿ ತಪ್ಪು ಕಾರಣವೂ ಇದೆ. ಅವತ್ತು ಹಿಂದೆಯೇ ನಡೆದು ಬರುತ್ತಿದ್ದ ಇಬ್ಬರು ಹೆಂಗಸರು ಕಂಡದ್ದನ್ನು ಹೇಳಲು ಒಪ್ಪಿದ್ದಾರೆ. ಇಷ್ಟು ತಡವಾಗಿ ಹೋದ ಪ್ರಕರಣದಲ್ಲಿ ಕೆಲಸ ಮಾಡಿಸಿಕೊಟ್ಟ ವಕೀಲರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ.