ನದಿ ದಂಡೆಯಲ್ಲಿ ಕೂತು ಕೊಳದ ಮೀನು ತಿನ್ನೋದೇ ಸರಿ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಉದ್ದ ಆಗುತ್ತೆ, ಓದುವವರು ಓದಿ.

ಬೆಂಗಳೂರಿನಿಂದ ಕೆಲಸದ ಮೇಲೆ ಬಂದವರನ್ನ ಇಲ್ಲಿ ಚೀನಾದ ಚೊಂಗ್‌ಚಿಂಗ್‌ನ ನಾನ್‌ಬಿನ್ ರಸ್ತೆಗೆ ಊಟಕ್ಕೆ ಕರ್ಕೊಂಡು ಹೋಗಿದ್ದೆ. ಯಾಂಗ್‌ಟ್ಸಿ ನದಿಯ ದಕ್ಷಿಣ ದಂಡೆ ಅದು. ಎದುರುಗಡೆ ಬೆಳಕಿನ ಗುಡ್ಡದ ಹಾಗೆ ನಿಂತ ಊರು, ಕೆಳಗೆ ಕಂದು ನೀರು. ಕೆಂಡದ ಮೀನಿನ ಅಂಗಡಿ. ತೊಟ್ಟಿಯಲ್ಲಿ ಈಜುತ್ತಿದ್ದ ಹುಲ್ಲುಗೆಂಡೆಯನ್ನ (ಗ್ರಾಸ್ ಕಾರ್ಪ್) ನಾವೇ ತೋರಿಸಿದೆವು, ತೂಕ ಹಾಕಿದರು. ಅಷ್ಟರಲ್ಲಿ ಒಬ್ಬರು ಕೇಳಿದರು, "ಮೇಡಂ, ಇದು ಈ ನದೀದೇ ಮೀನು ತಾನೆ?" ಅಲ್ಲ, ಕೊಳದಲ್ಲಿ ಸಾಕಿದ್ದು ಅಂದೆ. ಅವರ ಮುಖ ಬಿತ್ತು. "ಹಾಗಾದ್ರೆ ಇಲ್ಲಿವರೆಗೂ ಬಂದು ಏನು ಪ್ರಯೋಜನ? ಅವರನ್ನ ಸ್ವಲ್ಪ ಪಕ್ಕಕ್ಕೆ ಕರೆದು ಕೇಳಿ ನೋಡಿ, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ."

ನಾನು ಕೇಳಲಿಲ್ಲ. ಕೇಳೋದೂ ಇಲ್ಲ.

2021ರ ಜನವರಿ 1ರಿಂದ ಯಾಂಗ್‌ಟ್ಸಿಯ ಮುಖ್ಯ ಹರಿವಿನಲ್ಲಿ, ಅದರ ದೊಡ್ಡ ಉಪನದಿಗಳಲ್ಲಿ ಹತ್ತು ವರ್ಷ ಮೀನು ಹಿಡಿಯೋ ಹಾಗಿಲ್ಲ. ಇಲ್ಲೇ ಊರ ಮಧ್ಯೆ ಬಂದು ಸೇರುವ ಜಿಯಾಲಿಂಗ್‌ ನದಿಗೂ ಅದೇ ನಿಷೇಧ. ನದಿಯ ಮೀನು ಅಂತ ಹೇಳಿ ಮಾರೋದೂ ತಪ್ಪು. ಇಷ್ಟು ಗೊತ್ತಾದ ಮೇಲೂ "ಪಕ್ಕಕ್ಕೆ ಕರೆದು ಕೇಳಿ" ಅನ್ನೋ ಬಾಯಿಗೆ ಏನು ಹೇಳಬೇಕು? ದಂಡೆಯಲ್ಲಿ ಕುರ್ಚಿ ಹಾಕಿಕೊಂಡ ಮಾತ್ರಕ್ಕೆ ನದಿ ನಮ್ಮ ತಟ್ಟೆಗೆ ಬಂದು ಬೀಳಬೇಕಾ?

ಈ ನದಿ ಏನೇನು ಕಳ್ಕೊಂಡಿದೆ ಅಂತ ಒಂದು ಸಲ ನೋಡಿ. ಉದ್ದ ಮೂತಿಯ ಪ್ಯಾಡಲ್‌ಫಿಶ್ ಕಡೆಯ ಸಲ ಕಣ್ಣಿಗೆ ಬಿದ್ದದ್ದು 2003ರಲ್ಲಿ. 2022ರಲ್ಲಿ ಅದು ಅಳಿದೇ ಹೋಯ್ತು ಅಂತ ಜೀವಿಗಳ ಅಳಿವು-ಉಳಿವಿನ ಪಟ್ಟಿ ಇಡೋ ಐಯುಸಿಎನ್ ಸಂಸ್ಥೆ ಘೋಷಿಸಿತು. ಬೈಜಿ ಅನ್ನೋ ನದಿ ಡಾಲ್ಫಿನ್‌ಗಾಗಿ 2006ರಲ್ಲಿ ವಾರಗಟ್ಟಲೆ ದೋಣಿಯಲ್ಲಿ ಹುಡುಕಿದರು, ಒಂದೂ ಸಿಗಲಿಲ್ಲ. ಕೋಟ್ಯಂತರ ವರ್ಷ ಬಾಳಿದ ವಂಶಗಳು ನಮ್ಮ ಕಣ್ಣೆದುರೇ ಮುಗಿದವು.

ಮೇಜಿನಲ್ಲಿದ್ದ ಇನ್ನೊಬ್ಬರು ವಾದಕ್ಕೆ ನಿಂತರು: "ಮೀನು ಕೊಂದದ್ದು ಅಣೆಕಟ್ಟು, ತಿನ್ನೋರಲ್ಲ." ಅರ್ಧ ನಿಜ. 1981ರಲ್ಲಿ ಗೆಝೌಬಾ ಅಣೆಕಟ್ಟು ಅಡ್ಡ ಬಂದ ಮೇಲೆ ಸ್ಟರ್ಜನ್ ಅನ್ನೋ ದೊಡ್ಡ ಮೀನು ಮೊಟ್ಟೆ ಇಡೋಕೆ ಮೇಲಕ್ಕೆ ಬರುವ ದಾರಿಯೇ ಮುಚ್ಚಿತು. ಆಮೇಲೆ ತ್ರೀ ಗಾರ್ಜಸ್ ಬಂತು, ಕೆಂಡದ ಮೀನಿಗೆ ಹೆಸರಾದ ವಾನ್‌ಝೌ ಊರಿನ ಹಳೆ ಭಾಗವೇ ಹಿನ್ನೀರಿನಲ್ಲಿ ಮುಳುಗಿತು. ಇದನ್ನೆಲ್ಲ ನಾನು ಅಲ್ಲಗಳೆಯಲ್ಲ. ಆದರೆ ಅಣೆಕಟ್ಟು ಇಷ್ಟೊಂದು ಹಾಳು ಮಾಡಿದೆ ಅಂದಮೇಲೆ, ಉಳಿದಿರೋ ಮೀನಿನ ಮೇಲೆ ಬಲೆ ಬೀಸೋಕೆ ಅದು ನೆಪ ಹೇಗಾಗುತ್ತೆ? ಪೆಟ್ಟು ತಿಂದದ್ದನ್ನ ಸುಮ್ಮನೆ ಬಿಡಬೇಕಲ್ವಾ?

ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಇಲ್ಲಿನ ರೆಕ್ಕೆಯಿಲ್ಲದ ಹಂದಿಮೀನು (ಫಿನ್‌ಲೆಸ್ ಪಾರ್ಪಾಯಿಸ್, ಡಾಲ್ಫಿನ್‌ನಂಥ ಸಸ್ತನಿ) 2017ರ ಎಣಿಕೆಯಲ್ಲಿ ಸುಮಾರು 1,012 ಇತ್ತು. 2022ರಲ್ಲಿ 1,249. ಈ ನದಿಯಲ್ಲಿ ಅದರ ಸಂಖ್ಯೆ ಏರಿತು ಅಂತ ಎಣಿಕೆ ಹೇಳಿದ್ದು ಅದೇ ಮೊದಲು. ನನಗೆ ಓದಿ ಕಣ್ಣು ತುಂಬಿ ಬಂದಿತ್ತು.

ನಾನು ತುಂಗೆಯ ದಂಡೆಯವಳು ಅಂತ ನಿಮಗೆಲ್ಲ ಗೊತ್ತು. ಶೃಂಗೇರಿಯಲ್ಲಿ ಮೆಟ್ಟಿಲಿಗೇ ಬಂದು ಮಂಡಕ್ಕಿ ತಿನ್ನೋ ದೇವರ ಮೀನನ್ನ ನೋಡ್ತಾ ಬೆಳೆದವಳು. ಹಾಗೇ, ಮುಂಗಾರು ಬಿದ್ದ ಕೂಡಲೇ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನನ್ನ ಕೂಣಿ ಅನ್ನೋ ಬೋನು ಇಟ್ಟು ಹಿಡಿಯೋ ಊರವಳೂ ಹೌದು. ಅದರ ರುಚಿ ಗೊತ್ತು ನನಗೆ. ಹೊಟ್ಟೆ ಕೊಯ್ದರೆ ಒಳಗೆ ತುಂಬ ಮೊಟ್ಟೆ. ಮೊಟ್ಟೆ ಇಡೋಕೆ ಅಂತಲೇ ಹೊರಟ ಮೀನು ಅದು. ಊರಲ್ಲಿ ಈಗ ಮಳೆ ಶುರುವಾದರೆ ವಿಡಿಯೋ ಬರುತ್ತೆ, ಬುಟ್ಟಿಗಟ್ಟಲೆ ಹಿಡಿದು ತೋರಿಸ್ತಾರೆ, ಕೆಳಗೆ ನೂರಾರು ಲೈಕು. ನನ್ನ ಸ್ನೇಹಿತರ ಪಟ್ಟಿಯಲ್ಲೂ ಅಂಥವರಿದ್ದೀರಿ. ನಿಮಗೂ ಸೇರಿಸಿಯೇ ಬರೀತಿದ್ದೀನಿ. ಬೇಜಾರಾದರೆ ಆಗಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ದಡದಲ್ಲೇ ನಿಲ್ತಾವೆ. ಆ ಅರಿವು ಹೊಳೆಗೆ ಯಾಕೆ ಬೇಡ? ಕಾವೇರಿಯ ಬೆನ್ನುಬ್ಬಿನ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ.

"ಆದ್ರೂ ಸಾಕಿದ ಮೀನಿಗೆ ರುಚಿ ಇರಲ್ಲ" ಅಂತ ಇನ್ನೊಂದು ಮಾತು ಬಂತು. ದಯವಿಟ್ಟು ಈ ಅಡುಗೆ ಹೇಗೆ ಮಾಡ್ತಾರೆ ಅಂತ ನೋಡಿ ಮಾತಾಡಿ. ಮೀನನ್ನ ಬೆನ್ನಿನ ಕಡೆಯಿಂದ ಸೀಳಿ, ಹೊಟ್ಟೆ ಕಡೆ ಕೂಡಿದ್ದ ಹಾಗೇ ಬಿಡಿಸಿ ಚಪ್ಪಟೆ ಮಾಡ್ತಾರೆ. ಕಬ್ಬಿಣದ ಜಾಲಿಯಲ್ಲಿ ಬಿಗಿದು, ಎಣ್ಣೆ ಸವರಿ, ಜೀರಿಗೆ ಉದುರಿಸಿ ಕೆಂಡದ ಮೇಲೆ ಸುಡ್ತಾರೆ. ಚರ್ಮ ಗರಿಗರಿ ಆದ ಮೇಲೆ ತಟ್ಟೆಗೆ ಹಾಕಿ, ಮೇಲಿಂದ ದೋಬಾನ್ ಅನ್ನೋ ಕಾಳು ಮತ್ತು ಮೆಣಸಿನಕಾಯಿ ಹುದುಗಿಸಿದ ಗೊಜ್ಜು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಹುರಿದ ಕುದಿಯೋ ಎಣ್ಣೆಸಾರು ಹೊಯ್ತಾರೆ. ಜೊತೆಗೆ ಸಿಚುವಾನ್ ಮೆಣಸು, ನಮ್ಮ ಜುಮ್ಮನಕಾಯಿಯ ದಾಯಾದಿ, ಕೊಂಕಣಿಯವರು ಬಂಗುಡೆ ಸಾರಿಗೆ ಹಾಕೋ ತೆಪ್ಪಲ್ ಇದೆಯಲ್ಲ, ಅದೇ ಕುಲದ್ದು. ತಟ್ಟೆ ಮೇಜಿಗೆ ಬಂದ ಮೇಲೂ ಕೆಳಗೆ ಬೆಂಕಿ ಇರುತ್ತೆ. ಆಲೂಗೆಡ್ಡೆ, ತಾವರೆ ಬೇರು, ಸೋಯಾ ಹಾಲಿನ ಕೆನೆಪದರ ಎಲ್ಲ ಆ ಸಾರಲ್ಲೇ ಬೇಯ್ತಾ ಇರುತ್ತವೆ. ಸುಟ್ಟ ವಾಸನೆ, ಹುಳಿ, ಖಾರ, ತುಟಿ ಜುಮ್ ಅನ್ನೋದು, ಇವು ಸೇರಿದ್ದೇ ಇದರ ರುಚಿ. ದಪ್ಪ ಮಾಂಸದ, ಸಾಧು ರುಚಿಯ ಮೀನು ಇದಕ್ಕೆ ಬೇಕೇ ಬೇಕು. ಹುಲ್ಲುಗೆಂಡೆ ಹೇಳಿ ಮಾಡಿಸಿದ ಹಾಗಿದೆ. ಮುಳ್ಳು ಇದೆ, ನಿಧಾನಕ್ಕೆ ತಿನ್ನಬೇಕು, ಅಷ್ಟೇ.

ಇನ್ನು ಸಾಕಿದ ಮೀನು ಅಂದ್ರೆ ಕೀಳು ಅನ್ನೋ ಭಾವನೆ. ಇದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುತ್ತೆ. ಹುಲ್ಲುಗೆಂಡೆ, ಕಾಟ್ಲಾ, ರೋಹು ತರಹದ ಗೆಂಡೆಗಳು ಹರಿಯೋ ನೀರಲ್ಲಿ ಮೊಟ್ಟೆ ಇಡೋ ಜಾತಿ, ಕೊಳದಲ್ಲಿ ತಾವಾಗಿ ಇಡಲ್ಲ. ಅದಕ್ಕೇ ಮೊದಲು ಮರಿಗಳಿಗೂ ನದಿಗೇ ಹೋಗಿ ಬಲೆ ಹಾಕಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಅವರ ತಂಡ ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ನಮ್ಮ ಗೆಂಡೆಗಳಿಗೆ ಮೊಟ್ಟೆ ಇಡಿಸಿತು. ಮರುವರ್ಷ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಝೋಂಗ್ ಲಿನ್ ಇಲ್ಲಿನ ಗೆಂಡೆಗಳಲ್ಲಿ ಅದನ್ನ ಸಾಧಿಸಿದರು. 1959ರಲ್ಲಿ ಹುಲ್ಲುಗೆಂಡೆ ಭಾರತಕ್ಕೂ ಬಂತು. ಈಗ ನಮ್ಮೂರ ಕೆರೆಗಳಲ್ಲೂ ಇದೆ. ನಿನ್ನೆ ಮೂಗು ಮುರಿದವರು ಮನೆ ಹತ್ತಿರದ ಮಾರ್ಕೆಟ್‌ನಲ್ಲಿ ಇದನ್ನೇ ಕೊಂಡಿರಬಹುದು. ನದಿಯನ್ನ ಮುಟ್ಟದೆ ಹೊಟ್ಟೆ ತುಂಬಿಸೋ ದಾರಿ ಅದು.

ಒಂದು ವಿಷಯ ಮಾತ್ರ ಹಗುರವಾಗಿ ದಾಟೋಕೆ ಆಗಲ್ಲ. ಈ ನಿಷೇಧಕ್ಕೆ ಸುಮಾರು 2 ಲಕ್ಷ 31 ಸಾವಿರ ಮೀನುಗಾರರು ದೋಣಿ ಬಿಟ್ಟರು. ಪರಿಹಾರ ಕೊಟ್ಟರು, ಕೆಲವರನ್ನ ನದಿ ಕಾಯೋ ಕೆಲಸಕ್ಕೇ ಹಾಕ್ಕೊಂಡರು. ಆದರೂ ಐವತ್ತು ದಾಟಿದವನಿಗೆ ಬಲೆ ಬಿಟ್ಟು ಬೇರೆ ಕೆಲಸ ಕಲಿಯೋದು ಸುಲಭ ಅಲ್ಲ. ಈ ನದಿಯ ಮೇಲೆ ಮಾತಾಡೋ ಹಕ್ಕು ಅವರಿಗಿದೆ. ಜೇಬಲ್ಲಿ ದುಡ್ಡಿದೆ ಅಂತ ಪಕ್ಕಕ್ಕೆ ಕರೆದು ಕೇಳೋರಿಗಿಲ್ಲ. ಆ ಮೀನುಗಾರರು ಹೊಟ್ಟೆಪಾಡು ಬಿಟ್ಟುಕೊಟ್ಟಿದ್ದಾರೆ, ನಮಗೆ ಒಂದು ರಾತ್ರಿಯ ಚಪಲ ಬಿಡೋಕೆ ಆಗಲ್ವಾ?

ನಿಷೇಧ 2030ರ ಕೊನೆಯವರೆಗೆ ಇದೆ. ಅದನ್ನ ಇನ್ನೂ ಮುಂದುವರಿಸಲಿ ಅಂತ ನನ್ನ ಆಸೆ. ಚೊಂಗ್‌ಚಿಂಗ್‌ಗೆ ಬರೋರು ಹೇಳಿ, ಅದೇ ದಂಡೆಗೆ ಕರ್ಕೊಂಡು ಹೋಗ್ತೀನಿ, ಖಾರ ಎಷ್ಟು ಬೇಕು ಅಂತ ಕೇಳಿ ಆರ್ಡರ್ ಮಾಡ್ತೀನಿ. ನದಿ ಮೀನೇ ಬೇಕು ಅನ್ನೋರು ನನಗೆ ಫೋನ್ ಮಾಡಬೇಡಿ.