ಚಿತ್ರ ಬರೆಯಲೋ, ರೀಲ್ಸ್ ಮಾಡಲೋ?

ಮುಂಬೈಯಲ್ಲಿ ಚಿತ್ರ ಬರೆದು ಹೊಟ್ಟೆ ಹೊರೆಯುವವರಿಗೆ ಈಗ ಮೊದಲು ಎದುರಾಗುವ ಪ್ರಶ್ನೆ, "ಫಾಲೋವರ್ಸ್ ಎಷ್ಟು?" ಕೆಲಸ ತೋರಿಸಿ ಅನ್ನುವುದು ಆಮೇಲೆ. ಮೊನ್ನೆ ಮುಖಪುಟ ಬೇಕೆಂದು ಕರೆದ ಪ್ರಕಾಶಕರೊಬ್ಬರು ನನ್ನ ಫೈಲ್ ಮುಟ್ಟಲೂ ಇಲ್ಲ. ಫೋನಲ್ಲೇ ನನ್ನ ಇನ್‌ಸ್ಟಾಗ್ರಾಂ ತೆರೆದು, "ರೀಲ್ಸ್ ಕಮ್ಮಿ ಅಲ್ವಾ ಮೇಡಂ?" ಅಂದರು. ಪುಸ್ತಕದ ಮುಖಪುಟ ಕುಣಿಯಬೇಕಾ ಸ್ವಾಮಿ?

2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಲ್ಲೇ ಇಲ್ಲಿ ರೀಲ್ಸ್ ಬಂತು. ಆಮೇಲೆ ಸುಮ್ನೆ ಒಂದು ಚಿತ್ರ ಹಾಕಿದರೆ ಯಾರಿಗೂ ಸಾಲದು. ಬಣ್ಣ ಕಲಸುವುದನ್ನೂ ಶೂಟ್ ಮಾಡಬೇಕು, ಹಿಂದೆ ಹಾಡು ಹಾಕಬೇಕು, ಮುಖವನ್ನೂ ತೋರಿಸಬೇಕಂತೆ. ಡೊಂಬಿವಲಿಯ ಪುಟ್ಟ ಮನೆಯಲ್ಲಿ, ಕುಕ್ಕರ್ ಸೀಟಿಯ ನಡುವೆ, ಟ್ರೈಪಾಡ್ ಎಲ್ಲಿಡಲಿ? ಇನ್‌ಸ್ಟಾಗ್ರಾಂ ಪ್ರೊಫೈಲಿನಲ್ಲಿ ಚಿತ್ರಗಳನ್ನು ಚೌಕ ಚೌಕವಾಗಿ ಲೆಕ್ಕ ಹಾಕಿ ಜೋಡಿಸಿಕೊಂಡಿದ್ದವರ ಕಥೆ ಇನ್ನೂ ಚೆಂದ. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಆ ಚೌಕಗಳನ್ನೇ ಉದ್ದ ಮಾಡಿಬಿಟ್ಟಿತು. ಅಂಚಿನಲ್ಲಿದ್ದ ಅಕ್ಷರ, ಸಹಿ ಎಲ್ಲಕ್ಕೂ ಕತ್ತರಿ.

ಕಾಲಾ ಘೋಡಾದಲ್ಲಿ, ಜಹಾಂಗೀರ್ ಗ್ಯಾಲರಿಯ ಹೊರಗೆ ಫುಟ್‌ಪಾತಿನಲ್ಲೇ ಚಿತ್ರ ಇಟ್ಟುಕೊಂಡು ಕೂರುವವರಿದ್ದಾರೆ. ಜನ ನಿಲ್ಲುತ್ತಾರೆ, ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ. ಫೋನಿನಲ್ಲಿ ಫಾಲೋವರ್ಸ್ ಕೂಡಿಸಿದರೆ ಮಾತ್ರ ನೆಟ್‌ವರ್ಕಿಂಗ್ ಅಂತಾರೆ, ಇದು ಅಲ್ವಾ?

ನಮ್ಮ ಕನ್ನಡದವರೇನೂ ಕಮ್ಮಿಯಿಲ್ಲ. ಮಾಟುಂಗದಲ್ಲಿ ಕಾರ್ಯಕ್ರಮವೊಂದಕ್ಕೆ ಪೋಸ್ಟರ್ ಮಾಡಿಸಿಕೊಂಡ ಹಿರಿಯರು, "ದುಡ್ಡು ಯಾಕಮ್ಮಾ, ನಿನ್ನನ್ನ ಟ್ಯಾಗ್ ಮಾಡ್ತೀವಲ್ಲ, ಒಳ್ಳೆ ಹೆಸರು ಬರುತ್ತೆ" ಅಂದರು. ಹಾಗೇ ಆಗಲಿ. ಟಿಕೆಟ್ ಕೌಂಟರಿನಲ್ಲಿ ಆ ಟ್ಯಾಗ್ ತೋರಿಸಿದರೆ ಲೋಕಲ್ ರೈಲಿನ ಪಾಸ್ ಕೊಡ್ತಾರಾ, ಅದನ್ನೂ ಒಂದು ಮಾತು ವಿಚಾರಿಸಿ ಹೇಳಿ ಮಾಮ.