ಸ್ಪಷ್ಟನೆ: ಪ್ರೋಟೀನ್ ಸಂಕೇತವಿಲ್ಲದ ಡಿಎನ್‌ಎ ಎಲ್ಲವೂ ಕಸವಲ್ಲ

ಮನುಷ್ಯನ ಡಿಎನ್‌ಎಯಲ್ಲಿ ಶೇಕಡಾ 98 ಭಾಗ ಬರೀ ಕಸ ಎಂಬ ಸಂದೇಶವೊಂದು ದಾವಣಗೆರೆಯ ಪಿಯುಸಿ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಪ್ರೋಟೀನಿನ ಸಂಕೇತವಿರುವುದು ಶೇಕಡಾ 2ಕ್ಕಿಂತ ಕಡಿಮೆ ಭಾಗದಲ್ಲಿ ಎಂಬುದು ನಿಜ. ಉಳಿದದ್ದೆಲ್ಲ ಕಸವೆಂಬ ತೀರ್ಮಾನ ಮಾತ್ರ ತಪ್ಪು.

1981ರಲ್ಲಿ ಎಸ್‌ವಿ40 ವೈರಸ್‌ನಲ್ಲಿ ಮೊದಲು ಗುರುತಿಸಲಾದ ಎನ್‌ಹ್ಯಾನ್ಸರ್‌ಗಳು (ಜೀನ್‌ಗಳ ಕೆಲಸವನ್ನು ಚುರುಕುಗೊಳಿಸುವ ಡಿಎನ್‌ಎ ತುಣುಕುಗಳು) ನಮ್ಮಲ್ಲಿ ಹೆಚ್ಚಾಗಿ ಇರುವುದು ಆ ಉಳಿದ ಭಾಗದಲ್ಲೇ. ಉಪವಾಸವಿದ್ದಾಗ ಕಾರ್ಟಿಸಾಲ್ ಹಾರ್ಮೋನು ಯಕೃತ್ತಿನ ಕೋಶದೊಳಗೆ ಬಂದರೆ, ಅದನ್ನು ಹಿಡಿದ ಗ್ರಾಹಕ ಪ್ರೋಟೀನು ಕೋಶಕೇಂದ್ರಕ್ಕೆ ಸಾಗಿ, ತನಗೆ ಹೊಂದುವ ಡಿಎನ್‌ಎ ಅಕ್ಷರಗಳ (ರಾಸಾಯನಿಕ ಘಟಕಗಳ) ಸಾಲಿರುವ ಎನ್‌ಹ್ಯಾನ್ಸರ್ ಮೇಲೆ ಕೂರುತ್ತದೆ. ಅಲ್ಲಿ ಇತರ ಪ್ರೋಟೀನುಗಳೂ ಸೇರಿಕೊಂಡು, ಗ್ಲೂಕೋಸ್ ತಯಾರಿಸುವ ಕಿಣ್ವಗಳ ಜೀನ್‌ಗಳಿಂದ ಆರ್‌ಎನ್‌ಎ ಪ್ರತಿಲೇಖನ (ಜೀನ್‌ನ ಆರ್‌ಎನ್‌ಎ ನಕಲು ತಯಾರಿಕೆ) ಹೆಚ್ಚುತ್ತದೆ. ಹಾರ್ಮೋನಿನ ಸೂಚನೆ ನಿಂತರೆ ಈ ಚುರುಕೂ ತಗ್ಗುತ್ತದೆ.

ಎನ್‌ಹ್ಯಾನ್ಸರ್ ಜೀನ್‌ನ ಪಕ್ಕದಲ್ಲೇ ಇರಬೇಕೆಂದಿಲ್ಲ. ಕೈಕಾಲುಗಳ ಬೆಳವಣಿಗೆಯಲ್ಲಿ ಸೋನಿಕ್ ಹೆಡ್ಜ್‌ಹಾಗ್ ಜೀನನ್ನು ನಿಯಂತ್ರಿಸುವ ತುಣುಕು ಅದರಿಂದ ಸುಮಾರು 10 ಲಕ್ಷ ಅಕ್ಷರಗಳಷ್ಟು ದೂರದಲ್ಲಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮಗು ಹೆಚ್ಚುವರಿ ಬೆರಳಿನೊಂದಿಗೆ ಹುಟ್ಟಬಹುದು (ಆರು ಬೆರಳಿಗೆ ಬೇರೆ ಕಾರಣಗಳೂ ಉಂಟು). ಅಂಥ ಮಗುವಿನ ತಾಯಿಯನ್ನು ಗ್ರಹಣದ ಹೆಸರಿನಲ್ಲಿ ದೂರುವುದು ಅನ್ಯಾಯ.

ಆ 98 ಭಾಗದ ಪ್ರತಿ ಅಕ್ಷರಕ್ಕೂ ಕೆಲಸವಿದೆಯೆಂದು ಇದರ ಅರ್ಥವಲ್ಲ. ಆದರೆ ಮೇಲಿನ ಸಂದೇಶವನ್ನು ಪರೀಕ್ಷೆಯ ಟಿಪ್ಪಣಿಯಾಗಿ ಬರೆದುಕೊಂಡವರು ದಯವಿಟ್ಟು ತಿದ್ದಿಕೊಳ್ಳಬೇಕು.